ಮಕ್ಕಳಿಗೆ ನಾಗರಿಕತೆಯ ಚರಿತ್ರೆ: ಕಾಯಕ-ದಾಸೋಹಗಳ ದೃಷ್ಟಿಯಿಂದ

ಮಕ್ಕಳ ಕೈಗೆ ಚರಿತ್ರೆಯನ್ನು ಕೊಡುವವರು ಅರಿತೋ ಅರಿಯದೆಯೋ ಅದರೊಡನೆ ಒಂದು ತೀರ್ಪನ್ನೂ ಕೊಡುತ್ತಾರೆ. ಈ ಲೋಕವನ್ನು ಕಟ್ಟಿದವರು ಯಾರು ಎಂಬುದೇ ಆ ತೀರ್ಪು. ಪುಸ್ತಕದ ತುಂಬ ಅರಸರ ಹೆಸರುಗಳೂ ಯುದ್ಧದ ವರ್ಷಗಳೂ ಇದ್ದರೆ, ಲೋಕವನ್ನು ಕಟ್ಟಿದವರು ಅರಸರೇ ಎಂದು ಮಗು ನಂಬುತ್ತದೆ. ಕುಂಬಾರನ ಮಗನಾಗಲಿ, ಮೇದರ ಮಗಳಾಗಲಿ, ಕೂಲಿಯವನ ಮಗುವಾಗಲಿ ತನ್ನ ಹಿರಿಯರಿಗೆ ಈ ಕಥೆಯಲ್ಲಿ ಪಾಲಿರಲಿಲ್ಲವೆಂದು ತಿಳಿದು ಪುಸ್ತಕವನ್ನು ಮುಚ್ಚುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕಗಳು ಬರಬಹುದು. ಆದರೆ ಅದರ ಆತ್ಮಗೌರವಕ್ಕೆ ಬಿದ್ದ ಪೆಟ್ಟು ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ತುಮಕೂರಿನ ಪರಿಸರದಲ್ಲಿ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಶ್ರೀ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. 1941ರಲ್ಲಿ ಮಠದ ಹೊಣೆಯನ್ನು ಹೊತ್ತ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನದಾಸೋಹ, ಅಕ್ಷರದಾಸೋಹಗಳನ್ನು ಏಕವ್ರತವಾಗಿ ನಡೆಸಿದರು. ಜಾತಿಮತಗಳ ಎಣಿಕೆಯಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ಕಲಿಯುವ ವ್ಯವಸ್ಥೆ ಅವರ ಕಾಲದಲ್ಲಿ ರೂಪುಗೊಂಡಿತು. ಆ ಮಕ್ಕಳಲ್ಲಿ ಬಹುಪಾಲು ಬಯಲುಸೀಮೆಯ ಬಡ ಮನೆಗಳಿಂದ ಬಂದವರು. ಇಂಥ ಮಕ್ಕಳಿಗೆ ಮಾನವಕುಲದ ಕಥೆಯನ್ನು ಯಾವ ಬಗೆಯಲ್ಲಿ ಹೇಳಬೇಕು? ಕನ್ನಡದಲ್ಲಿಯೂ ಹೊರಗೂ ಇದುವರೆಗೆ ಹೇಳಿದ ಬಗೆಗಳು ಎಷ್ಟರಮಟ್ಟಿಗೆ ಸಮರ್ಪಕ? ವಚನಸಾಹಿತ್ಯವು ಇಲ್ಲಿ ಯಾವ ಬೆಳಕನ್ನು ನೀಡಬಲ್ಲುದು? ಈ ಮೂರು ಪ್ರಶ್ನೆಗಳು ವಿಚಾರಾರ್ಹವಾದುವು.

ಮಕ್ಕಳಿಗಾಗಿ ಲೋಕಚರಿತ್ರೆಯನ್ನು ಬರೆಯುವ ಪ್ರಯತ್ನಗಳು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಹಲವು ದೇಶಗಳಲ್ಲಿ ನಡೆದುವು. ಹೆಂಡ್ರಿಕ್ ವಾನ್ ಲೂನ್ 1921ರಲ್ಲಿ ಪ್ರಕಟಿಸಿದ ಮಾನವಕುಲದ ಕಥೆ ಅಮೆರಿಕೆಯಲ್ಲಿ ಮನೆಮಾತಾಯಿತು. 1930ರ ದಶಕದ ನಡುವೆ ವಿಯೆನ್ನಾ ನಗರದ ತರುಣ ವಿದ್ವಾಂಸ ಗೋಂಬ್ರಿಕ್ ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ ಕಿರುಚರಿತ್ರೆ ಇಂದಿಗೂ ಅನೇಕ ಭಾಷೆಗಳಲ್ಲಿ ಓದಲ್ಪಡುತ್ತಿದೆ. ಎರಡೂ ಸರಸವಾದ ಗ್ರಂಥಗಳು. ಆದರೆ ಎರಡರಲ್ಲಿಯೂ ಕಥೆಯ ಮುಖ್ಯಪ್ರವಾಹ ಗ್ರೀಸು, ರೋಮುಗಳ ಮೂಲಕ ಯೂರೋಪಿಗೇ ಹರಿಯುತ್ತದೆ. ಭಾರತ, ಚೀಣಾಗಳು ದಾರಿಬದಿಯ ತಂಗುದಾಣಗಳಂತೆ ಬಂದು ಹೋಗುತ್ತವೆ.

ಕನ್ನಡದಲ್ಲಿ ಶಿವರಾಮ ಕಾರಂತರ 'ಬಾಲ ಪ್ರಪಂಚ' 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದುದು ಒಂದು ಸಾಹಸವೇ ಸರಿ. ಸಂಸ್ಥೆಯೊಂದು ಹಲವು ವಿದ್ವಾಂಸರನ್ನು ಕೂಡಿಸಿ ಮಾಡಬೇಕಾದ ಕಾರ್ಯವನ್ನು ಒಬ್ಬರೇ ಹೊತ್ತು ನಡೆಸಿದರು. ಮುಂದೆ 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬೆಳಕು ಕಂಡಿತು. ಅದೇ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದ 'ಭಾರತ-ಭಾರತಿ' ಮಾಲೆ ಮಹಾಪುರುಷರ ಬಾಳನ್ನು ಕಿರುಹೊತ್ತಗೆಗಳಲ್ಲಿ ಹೇಳುತ್ತ ಹಳ್ಳಿಯ ಶಾಲೆಗಳವರೆಗೆ ತಲಪಿತು. ಕನ್ನಡದ ಮಕ್ಕಳು ಈ ಮೂರಕ್ಕೂ ಋಣಿಗಳು.

ಆದರೂ ವಿಮರ್ಶೆಯ ಕಣ್ಣಿಗೆ ಒಂದು ಕೊರತೆ ಕಾಣದಿರದು. ವಿಶ್ವಕೋಶದ ಗುಣ ಅದರ ವ್ಯಾಪ್ತಿ. ಕಲ್ಲು, ಕಬ್ಬಿಣ, ಕಾಗದ, ಕಾಲಗಣನೆ ಎಲ್ಲವೂ ಅಲ್ಲಿ ದೊರೆಯುತ್ತವೆ. ಆದರೆ ಒಂದರಿಂದ ಇನ್ನೊಂದು ಹುಟ್ಟಿದ ಬಗೆ, ಅದರಿಂದ ಮನುಷ್ಯ ಮನುಷ್ಯರ ಸಂಬಂಧದಲ್ಲಾದ ಮಾರ್ಪಾಟು, ಇವು ಶೀರ್ಷಿಕೆಗಳ ನಡುವೆ ಹಂಚಿಹೋಗುತ್ತವೆ, ಮಣಿಗಳಿವೆ, ದಾರವಿಲ್ಲ. ಇನ್ನು ಜೀವನಚರಿತ್ರೆಯ ಮಾಲೆಯಲ್ಲಿ ದಾರವೂ ಉಂಟು, ಹೊಳಪೂ ಉಂಟು. ಆದರೆ ಹೆಸರುಳ್ಳವರಿಗೆ ಮಾತ್ರ ಅಲ್ಲಿ ಪ್ರವೇಶ. ಪಠ್ಯಪುಸ್ತಕಗಳಲ್ಲಿಯಾದರೋ ನೈಲ್, ಟೈಗ್ರಿಸ್, ಸಿಂಧೂ, ಹ್ವಾಂಗ್ ಹೋ ನದಿಗಳ ನಾಗರಿಕತೆಗಳು ಹಿರಿಮೆಗಳ ಪಟ್ಟಿಯಾಗಿ ಬಂದು, ಪರೀಕ್ಷೆ ಮುಗಿದೊಡನೆ ಮಗುವಿನ ಮನಸ್ಸಿನಿಂದ ಹರಿದುಹೋಗುತ್ತವೆ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲ ಒಂದು ಪುಟ್ಟ ಪುಸ್ತಕ ನಮ್ಮ ದೇಶದಲ್ಲಿಯೇ ಹುಟ್ಟಿದೆ. 1928ರ ಬೇಸಗೆಯಲ್ಲಿ ಹತ್ತು ವರ್ಷದ ಇಂದಿರೆ ಮಸ್ಸೂರಿಯಲ್ಲಿದ್ದಾಗ, ಅಲಹಾಬಾದಿನಿಂದ ತಂದೆ ಜವಾಹರಲಾಲ ನೆಹರೂ ಅವರು ಆಕೆಗೆ ಬರೆದ ಪತ್ರಗಳ ಸಂಗ್ರಹವದು. 1929ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಈ ಪುಸ್ತಕವನ್ನು ಹಿಂದಿಗೆ ತಂದವರು ಪ್ರೇಮಚಂದರು. ಮುಂದೆ ಸೆರೆಮನೆಗಳಿಂದ ಬರೆದ ಬೃಹತ್ತಾದ ಲೋಕಚರಿತ್ರೆಯ ಪತ್ರಗಳು ಹೆಚ್ಚು ಪ್ರಸಿದ್ಧವಾದರೂ, ಮಕ್ಕಳ ಅಳತೆಗೆ ಹೊಂದುವುದು ಈ ಮೊದಲ ಸಂಗ್ರಹವೇ.

ಈ ಪತ್ರಗಳ ಕ್ರಮವನ್ನು ಗಮನಿಸಬೇಕು. ಪ್ರಕೃತಿಯೇ ಓದಬೇಕಾದ ಮೊದಲ ಪುಸ್ತಕವೆಂದು ಆರಂಭವಾಗಿ, ಉರುಟಾದ ಒಂದು ಬೆಣಚುಕಲ್ಲು ತನ್ನ ಕಥೆಯನ್ನು ಹೇಗೆ ಹೇಳುತ್ತದೆಂಬುದನ್ನು ತೋರಿಸುತ್ತದೆ. ಭೂಮಿಯ ಹುಟ್ಟು, ಜೀವಿಗಳು, ಮನುಷ್ಯ, ಭಾಷೆಗಳು, ಕುಲಗಳು, ಬೇಸಾಯ, ಕುಲದ ಹಿರಿಯ, ಆ ಹಿರಿಯನೇ ಅರಸನಾದ ಬಗೆ, ನಗರಗಳು, ಕಡಲ ವ್ಯಾಪಾರ, ಬರಹ, ವರ್ಗಭೇದ, ಗುಡಿ-ಪೂಜಾರಿಗಳು, ಹೀಗೆ ಸಾಗಿ ರಾಮಾಯಣ ಮಹಾಭಾರತಗಳ ಹೊಸ್ತಿಲಲ್ಲಿ ನಿಲ್ಲುತ್ತದೆ. ಯುದ್ಧಗಳ ಪಟ್ಟಿಯಿಲ್ಲ, ವರ್ಷಗಳ ಹೊರೆಯಿಲ್ಲ. ನಾಗರಿಕತೆಯೆಂದರೇನು ಎಂಬ ಪ್ರಶ್ನೆಗೇ ಒಂದು ಪತ್ರ ಮೀಸಲಾಗಿದೆ. ಚೆಲುವಾದ ಕಟ್ಟಡ, ಚಿತ್ರ, ಗ್ರಂಥಗಳು ಅದರ ಕುರುಹುಗಳೇ ಆದರೂ, ಸ್ವಾರ್ಥವನ್ನು ಬಿಟ್ಟು ಎಲ್ಲರ ಹಿತಕ್ಕಾಗಿ ಕೂಡಿ ದುಡಿಯುವುದು ಅದಕ್ಕಿಂತ ಮೇಲಾದ ಕುರುಹೆಂಬುದು ಅಲ್ಲಿಯ ನಿಲುವು.

ಪುಸ್ತಕದ ಜೀವಾಳ ಬೇಸಾಯವನ್ನು ಕುರಿತ ಭಾಗದಲ್ಲಿದೆ. ಬೇಟೆಯಾಡುತ್ತಿದ್ದ ಮಾನವನಿಗೆ ಅಂದಂದಿನ ಆಹಾರ ಅಂದಂದಿಗೆ. ಕೂಡಿಡುವಂಥದು ಹೆಚ್ಚೇನೂ ಇರಲಿಲ್ಲ. ಆದಕಾರಣ ಬಡವ-ಬಲ್ಲಿದರೆಂಬ ಭೇದಕ್ಕೂ ಆಸ್ಪದವಿರಲಿಲ್ಲ. ಉತ್ತು ಬಿತ್ತುವುದನ್ನು ಕಲಿತ ಮೇಲೆ ಉಂಡು ಮಿಗುವಷ್ಟು ಧಾನ್ಯ ದೊರೆಯಿತು. ಕುಲಕ್ಕೆಲ್ಲ ಸೇರಿದ ಆ ಮಿಗುತೆಯನ್ನು ಕಾಯುವ, ಹಂಚುವ ಕೆಲಸ ಕುಲದ ಹಿರಿಯನ ಪಾಲಿಗೆ ಬಂದಿತು. ಹಂಚುವವನು ಬರಬರುತ್ತ ಒಡೆಯನಾದ; ಒಡೆಯನು ಅರಸನಾದ; ಎಲ್ಲರದಾಗಿದ್ದುದು ಅವನದಾಯಿತು. ಹತ್ತು ವರ್ಷದ ಮಗುವಿಗೆ ಇಷ್ಟು ದೊಡ್ಡ ವಿಷಯವನ್ನು ಇಷ್ಟು ತಿಳಿಯಾಗಿ ಹೇಳಿದ ಇನ್ನೊಂದು ಕೃತಿ ಅಪೂರ್ವ. ಎಂಟು ವರ್ಷಗಳ ತರುವಾಯ, 1936ರಲ್ಲಿ, ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ ತನ್ನ ಪ್ರಸಿದ್ಧ ಗ್ರಂಥದಲ್ಲಿ, ರೈತನು ಬೆಳೆದ ಮಿಗುತೆಯೇ ಕಮ್ಮಾರನನ್ನೂ ಲಿಪಿಕಾರನನ್ನೂ ಪುರೋಹಿತನನ್ನೂ ಸಾಕಿ ನಗರಗಳನ್ನು ಕಟ್ಟಿತೆಂದು ವಿಸ್ತಾರವಾಗಿ ನಿರೂಪಿಸಿದನು. ಮೆಸೊಪೊಟೇಮಿಯದ ಉರುಕ್ ನಗರದಲ್ಲಿ ದೊರೆತ, ಐದು ಸಾವಿರ ವರ್ಷಗಳಿಗೂ ಹಿಂದಿನ ಜೇಡಿಮಣ್ಣಿನ ಹಲಗೆಗಳು ಬಹುಪಾಲು ಧಾನ್ಯ ಮೊದಲಾದುವುಗಳ ಲೆಕ್ಕಪತ್ರಗಳೇ. ಮಾನವನ ಮೊದಲ ಬರಹಗಳಲ್ಲಿ ಕಣಜದ ಲೆಕ್ಕಕ್ಕೇ ಅಗ್ರಸ್ಥಾನವೆಂಬುದು ಮಕ್ಕಳಿಗೆ ಹೇಳತಕ್ಕ ಮಾತು.

ನಾಗರಿಕತೆಯ ಚರಿತ್ರೆಗೆ ನಡುಗಂಬವಾದ ಪ್ರಶ್ನೆ ಇದರಿಂದ ಸ್ಪಷ್ಟವಾಗುತ್ತದೆ: ಉಂಡು ಮಿಕ್ಕುದು ಯಾರದು? ಪಿರಮಿಡ್ಡಿನ ಹಿಂದೆಯೂ ಈ ಪ್ರಶ್ನೆಯಿದೆ; ಅರಮನೆ, ಕೋಟೆ, ಗೋಪುರಗಳ ಹಿಂದೆಯೂ ಇದೇ ಇದೆ. ಪತ್ರಗಳ ಲೇಖಕರು ಪ್ರಶ್ನೆಯನ್ನು ಎತ್ತಿದ್ದಾರೆ. ಮಿಗುತೆ ಅರಸನ ಪಾಲಾದ ದಾರಿಯನ್ನು ತೋರಿಸಿದ್ದಾರೆ. ಆದರೆ ಆ ದಾರಿಯನ್ನು ಒಪ್ಪದೆ ಬೇರೊಂದು ದಾರಿಯನ್ನು ನಡೆದು ತೋರಿಸಿದವರೂ ಚರಿತ್ರೆಯಲ್ಲಿ ಇದ್ದರೆಂಬುದನ್ನು ಹೇಳುವ ಅವಕಾಶ ಆ ಕಾಲಾವಧಿಯ ಕಥೆಯಲ್ಲಿ ಅವರಿಗಿರಲಿಲ್ಲ. ಕನ್ನಡದ ಮಗುವಿಗೆ ಆ ಭಾಗವನ್ನು ಹೇಳುವ ಸಾಮಗ್ರಿ ಕನ್ನಡದಲ್ಲಿಯೇ ಉಂಟು.

ಆಯ್ದಕ್ಕಿಯ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಶರಣಸಾಹಿತ್ಯದ ವಾಚಕರೆಲ್ಲ ಬಲ್ಲರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ನಾಳೆಗೆಂದು ಕೂಡಿಡಲೂ ಇಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದಳು. ಆಶೆಯೆಂಬುದು ಅರಸರಿಗೆ ಸಲ್ಲುವಂಥದು, ಭಕ್ತರಿಗೆ ಸಲ್ಲದು ಎಂಬ ಅಭಿಪ್ರಾಯ ಆಕೆಯ ವಚನದಲ್ಲಿದೆ. ಈ ಮಾತನ್ನು ವ್ಯಕ್ತಿಯ ನಿಃಸ್ಪೃಹತೆಗೆ ನಿದರ್ಶನವೆಂದು ಮಾತ್ರ ಓದುವುದು ರೂಢಿ. ನಾಗರಿಕತೆಯ ಚರಿತ್ರೆಯ ಪಕ್ಕದಲ್ಲಿಟ್ಟು ಓದಿದರೆ ಅದರ ಆಳ ಬೇರೆಯಾಗಿಯೇ ತೋರುತ್ತದೆ. ಮಿಗುತೆಯನ್ನು ಕೂಡಿಟ್ಟವನು ಅರಸನಾದನೆಂದು 1928ರ ಪತ್ರ ಹೇಳುತ್ತದೆ. ಕೂಡಿಡುವ ಆಶೆಯೇ ಅರಸುತನವೆಂದು 12ನೆಯ ಶತಮಾನದ ಒಬ್ಬ ಬಡ ಹೆಂಗಸು ಅರಿತಿದ್ದಳು. ಒಬ್ಬರು ವಿದ್ವತ್ತಿನಿಂದ ಕಂಡುದನ್ನು ಇನ್ನೊಬ್ಬರು ಮೊರದಲ್ಲಿದ್ದ ಅಕ್ಕಿಯಿಂದ ಕಂಡರು.

ಇದೇ ರೀತಿ, ಕಮ್ಮಾರ, ಮಡಿವಾಳ, ನೇಯುವ ಸಾಲಿಗ, ವೇದವನ್ನೋದುವ ಹಾರುವ, ಈ ನಾಲ್ವರೂ ತಾವು ಮಾಡುವ ಕೆಲಸದಿಂದ ಆ ಹೆಸರುಗಳನ್ನು ಪಡೆದರೇ ಹೊರತು ಹುಟ್ಟಿನಿಂದಲ್ಲವೆಂಬ ಆಶಯದ ಬಸವಣ್ಣನವರ ವಚನವನ್ನು, ವರ್ಗಭೇದದ ಹುಟ್ಟನ್ನು ಹೇಳುವ ಪತ್ರದೊಡನೆ ಹೋಲಿಸಿ ನೋಡಬಹುದು. ಕೆಲಸ ಹಂಚಿಕೊಂಡುದರಿಂದ ಪಂಗಡಗಳಾದುವು, ಪಂಗಡಗಳು ಮೇಲು-ಕೀಳುಗಳಾದುವು. ಮೊದಲನೆಯದು ಸಮಾಜಕ್ಕೆ ಅನಿವಾರ್ಯ, ಎರಡನೆಯದು ಅನ್ಯಾಯ. ಶರಣರು ಕೆಲಸದ ಹಂಚಿಕೆಯನ್ನು ಉಳಿಸಿ, ಮೇಲು-ಕೀಳನ್ನು ಕಳೆಯಲು ಯತ್ನಿಸಿದರು. ಕಾಯಕವೆಂದರೆ ದುಡಿದು ಪಡೆಯುವುದು, ದಾಸೋಹವೆಂದರೆ ಪಡೆದುದು ತನ್ನದಲ್ಲವೆಂದು ಸಲ್ಲಿಸುವುದು. ಕಾಯಕ ಮಿಗುತೆಯನ್ನು ಹುಟ್ಟಿಸುತ್ತದೆ. ದಾಸೋಹ ಆ ಮಿಗುತೆ ಒಬ್ಬನ ಕಣಜದಲ್ಲಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಹೀಗೆ ಹೇಳಿದರೆ ತತ್ತ್ವವು ಮಗುವಿಗೆ ಬಾಯಿಪಾಠದ ಮಾತಾಗದೆ, ಒಂದು ಹಳೆಯ ಪ್ರಶ್ನೆಗೆ ದೊರೆತ ಉತ್ತರವಾಗುತ್ತದೆ.

ಶರಣರ ಹೆಸರುಗಳೇ ಒಂದು ಚರಿತ್ರೆ. ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ, ಜೇಡರ ದಾಸಿಮಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೋಳಿಗೆಯ ಮಾರಯ್ಯ, ಕೊಟ್ಟಣದ ಸೋಮಮ್ಮ: ಇವುಗಳನ್ನು ಸಾಲಾಗಿ ಓದಿದರೆ ದನ ಕಾಯುವುದು, ಉಳುವುದು, ನೇಯುವುದು, ಹೆಣೆಯುವುದು, ಹೊಸೆಯುವುದು, ಒಗೆಯುವುದು, ಹೊಳೆ ದಾಟಿಸುವುದು, ಸೌದೆ ಹೊರುವುದು, ಭತ್ತ ಕುಟ್ಟುವುದು ಎಲ್ಲವೂ ಬರುತ್ತವೆ. ಮಾನವನು ಸಾವಿರಾರು ವರ್ಷಗಳಲ್ಲಿ ಕಲಿತ ಕಸುಬುಗಳ ಪಟ್ಟಿಯಿದು. ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡುವ ಮಗುವಿಗೆ ಈ ಪಟ್ಟಿಯೂ ತಿಳಿದಿರಬೇಡವೆ?

ಪತ್ರಗಳ ದೋಷಗಳನ್ನೂ ಹೇಳದೆ ಬಿಡಲಾಗದು. ಜನಾಂಗಗಳ ವಿಚಾರವಾಗಿಯೂ ಆರ್ಯರ ಆಗಮನದ ವಿಚಾರವಾಗಿಯೂ ಅಲ್ಲಿರುವುದು 1920ರ ದಶಕದ ತಿಳಿವಳಿಕೆ. ಬಣ್ಣ, ಮೈಕಟ್ಟುಗಳ ಮೇಲೆ ಮಾನವರನ್ನು ಜನಾಂಗಗಳಾಗಿ ವಿಂಗಡಿಸುವ ಕ್ರಮವನ್ನು ವಿಜ್ಞಾನ ಇಂದು ಒಪ್ಪುವುದಿಲ್ಲ. ಆ ಪುಟಗಳನ್ನು ಓದಿಸುವಾಗ ಉಪಾಧ್ಯಾಯರು ತಿದ್ದಿ ಹೇಳಬೇಕು. ದಕ್ಷಿಣಕ್ಕೆ ಅಲ್ಲಿ ದೊರೆತ ಸ್ಥಳ ಬಹು ಕಡಿಮೆ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲನ್ನು ಒಡೆದು ಆಯುಧಗಳನ್ನು ಮಾಡುತ್ತಿದ್ದ ಕಮ್ಮಟವೊಂದು ಬೆಳಕಿಗೆ ಬಂದಿದ್ದು, ಅದರ ಪ್ರಾಚೀನತೆಯನ್ನು ಸುಮಾರು 12 ಲಕ್ಷ ವರ್ಷಗಳೆಂದು ಗಣಿಸಲಾಗಿದೆ. ತುಮಕೂರು ಜಿಲ್ಲೆಯಲ್ಲಿಯೇ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿ ಹಳೆಯ ಶಿಲಾಯುಗದ ಆಯುಧಗಳು ದೊರೆತಿವೆ. ಮಾನವನ ಕಥೆಯನ್ನು ದೂರದ ನದಿಗಳಿಂದಲೇ ಆರಂಭಿಸಬೇಕೆಂಬ ಕಟ್ಟಳೆಯೇನೂ ಇಲ್ಲ.

ಭಕ್ತರಾದ ವಾಚಕರಿಗೆ ಹೆಚ್ಚು ಅಡ್ಡಿಯಾಗುವುದು ಧರ್ಮದ ಹುಟ್ಟನ್ನು ಕುರಿತ ಪತ್ರ. ಮಳೆ, ಸಿಡಿಲು, ರೋಗಗಳಿಗೆ ಹೆದರಿದ ಮಾನವನು ದೇವರನ್ನು ಕಲ್ಪಿಸಿಕೊಂಡು ಬಲಿ ಕೊಡತೊಡಗಿದನೆಂಬುದು ಅಲ್ಲಿಯ ವಿವರಣೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾದ ಕಾರಣವಿಲ್ಲ. ಹೆದರಿಕೆಯಿಂದ ಹುಟ್ಟಿದ ಪೂಜೆಯನ್ನು ಶರಣರೂ ಅಷ್ಟೇ ನಿಷ್ಠುರವಾಗಿ ಖಂಡಿಸಿದರು. ಕ್ಷುದ್ರದೈವಗಳ ಆರಾಧನೆ, ಬಲಿ, ಗುಡಿಯ ಒಡೆತನ ಇವುಗಳ ವಿಷಯದಲ್ಲಿ ವಚನಕಾರರೂ ಈ ಪತ್ರಕಾರರೂ ಬಹುದೂರ ಒಟ್ಟಿಗೇ ನಡೆಯುತ್ತಾರೆ. ಬೇರೆಯಾಗುವುದು ಅಲ್ಲಿಂದ ಮುಂದೆ. ಪತ್ರಗಳಲ್ಲಿ ಧರ್ಮದ ಕಥೆ ಭಯ ಮತ್ತು ಪುರೋಹಿತಶಾಹಿಗಳಲ್ಲಿಯೇ ನಿಂತುಬಿಡುತ್ತದೆ. ಭಯವು ಭಕ್ತಿಯಾಗಿ, ಭಕ್ತಿಯು ಅನುಭಾವವಾಗಿ ಮಾಗಿದ ಇನ್ನೊಂದು ಚರಿತ್ರೆಗೆ ಅಲ್ಲಿ ಎಡೆಯಿಲ್ಲ. ಮಾನವನು ಬೆಂಕಿಯನ್ನು ಪಳಗಿಸಿದುದು ಎಷ್ಟು ದೊಡ್ಡ ಘಟನೆಯೋ, ತನ್ನ ಅಂಜಿಕೆಯನ್ನು ಪಳಗಿಸಿದುದೂ ಅಷ್ಟೇ ದೊಡ್ಡದು. ಈ ಎರಡನೆಯದನ್ನು ಬಿಟ್ಟ ನಾಗರಿಕತೆಯ ಚರಿತ್ರೆ ಅರೆಯಾದುದು.

ಇನ್ನು ಕಥೆಯನ್ನು ಹೇಳುವ ಬಗೆ. ನೆಹರೂ ಅವರು ಮಗಳು ಕಂಡಿದ್ದ ಕಲ್ಲು, ಬೆಟ್ಟ, ವಸ್ತುಸಂಗ್ರಹಾಲಯಗಳನ್ನೇ ಆಧಾರವಾಗಿಟ್ಟುಕೊಂಡರು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮಗುವಿಗೂ ಅಂಥ ಆಧಾರಗಳು ಕಾಲ್ನಡಿಗೆಯ ದೂರದಲ್ಲಿಯೋ ಬಸ್ಸಿನ ದಾರಿಯಲ್ಲಿಯೋ ಇವೆ.

ಕುಣಿಗಲ್ಲಿನ ದೊಡ್ಡಕೆರೆ ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತ. ಹಾಡು ಅದರ ಚೆಲುವನ್ನು ಹೇಳುತ್ತದೆ. ಚರಿತ್ರೆ ಅದರ ಕೆಲಸವನ್ನು ಹೇಳಬೇಕು. ಮಳೆಗಾಲದಲ್ಲಿ ಮಿಕ್ಕ ನೀರನ್ನು ಬೇಸಗೆಗೆ ಕಾದಿಡುವುದೇ ಕೆರೆ. ಏರಿ ನೀರನ್ನು ತಡೆಯುತ್ತದೆ, ತೂಬು ಅಳೆದು ಬಿಡುತ್ತದೆ, ಕೋಡಿ ಹೆಚ್ಚಾದುದನ್ನು ಕಳೆಯುತ್ತದೆ, ನೀರುಗಂಟಿ ಗದ್ದೆಗದ್ದೆಗೆ ಸರದಿಯಂತೆ ಹಂಚುತ್ತಾನೆ. ಇಷ್ಟನ್ನು ಅರಿತ ಮಗುವಿಗೆ ನೈಲ್ ನದಿಯ ಕಾಲುವೆಗಳೂ ಸುಮೇರಿಯದ ನೀರಾವರಿಯೂ ಅಪರಿಚಿತವಾಗವು. ಕೋಡಿಯಿಲ್ಲದ ಕೆರೆ ಒಡೆದುಹೋಗುವಂತೆ, ದಾಸೋಹವಿಲ್ಲದ ಕಣಜವೂ ಸಮಾಜವನ್ನು ಒಡೆಯುತ್ತದೆಂಬುದನ್ನು ಅದು ತಾನಾಗಿಯೇ ಊಹಿಸಬಲ್ಲುದು. ಸೊನ್ನಲಿಗೆಯ ಸಿದ್ಧರಾಮಯ್ಯನವರು ಕೆರೆ ಕಟ್ಟಿಸುವುದನ್ನೇ ಪೂಜೆಯೆಂದು ಭಾವಿಸಿದುದರ ಅರ್ಥವೂ ಆಗ ಹೊಳೆಯುತ್ತದೆ. ಇದರೊಡನೆ, ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ 'ಕೆರೆಗೆ ಹಾರ'ದ ಕಥೆಯನ್ನೂ ಹೇಳಬೇಕು. ನಾಗರಿಕತೆಯ ಬೆಲೆಯನ್ನು ಯಾರು ತೆತ್ತರೆಂದು ಮಗು ಕೇಳಲಿ.

ತುಮಕೂರಿಗೆ ಹತ್ತಿರದ ಕೈದಾಳದ ಚೆನ್ನಕೇಶವ ದೇವಾಲಯ ಇನ್ನೊಂದು ಪಾಠಶಾಲೆ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ಕಪ್ಪೆಯನ್ನು ಮಗನು ತೋರಿಸಿಕೊಟ್ಟಾಗ ತನ್ನ ಕೈಯನ್ನು ತಾನೇ ಕಡಿದುಕೊಂಡ ಜಕಣಾಚಾರಿ, ಇಲ್ಲಿ ಗುಡಿಯನ್ನು ಕಟ್ಟಿ ಕೈಯನ್ನು ಮರಳಿ ಪಡೆದನೆಂಬುದು ಐತಿಹ್ಯ. ಶಾಸನವಾದರೋ 12ನೆಯ ಶತಮಾನದ ನಡುವೆ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಗೂಳಿ ಬಾಚಿಯೆಂಬ ಸಾಮಂತನ ದೇವಾಲಯ ನಿರ್ಮಾಣವನ್ನು ಹೇಳುತ್ತದೆ. ಶಾಸನವೇ ಸತ್ಯ, ಐತಿಹ್ಯ ಸುಳ್ಳು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇನ್ನೊಂದು ಮಾತೂ ಇದೆ. ಕಲ್ಲಿನಲ್ಲಿ ಹೆಸರು ಕೊರೆಸಿಕೊಂಡವನು ಒಡೆಯ. ಜನರು ಎದೆಯಲ್ಲಿ ಹೆಸರಿಟ್ಟುಕೊಂಡುದು ಕೆತ್ತಿದವನದು. ಹಣ ಕೊಟ್ಟವನನ್ನು ಶಾಸನ ನೆನೆಯಿತು, ಕೈ ಕೊಟ್ಟವನನ್ನು ಕಥೆ ನೆನೆಯಿತು. ಕಾಲನಿರ್ಣಯಕ್ಕೆ ಶಾಸನವನ್ನೂ, ಜನಮನಸ್ಸನ್ನು ಅರಿಯಲು ಐತಿಹ್ಯವನ್ನೂ ಓದಬೇಕೆಂಬ ವಿವೇಕ ಮಗುವಿಗೆ ಇಲ್ಲಿ ಲಭಿಸುತ್ತದೆ. ಈ ಗುಡಿಯ ಕಾಲವೂ ಕಲ್ಯಾಣದ ಶರಣರ ಕಾಲವೂ ಒಂದೇ ಎಂಬುದನ್ನೂ ಹೇಳಿದರೆ, ಪಾಠಗಳಲ್ಲಿ ಬೇರೆಬೇರೆಯಾಗಿ ನಿಂತ ಎರಡು ಸಂಗತಿಗಳು ಒಂದೇ ಕಾಲದ ಎರಡು ಮುಖಗಳಾಗುತ್ತವೆ.

ಪುರಾಣವನ್ನು ಚರಿತ್ರೆಯಲ್ಲಿ ಬಳಸುವ ಕ್ರಮವನ್ನು ಗುಬ್ಬಿಯಿಂದ ಕಲಿಯಬಹುದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ತಲೆಮಾರುಗಳ ಕಾಲ ನಾಡಿನ ಮಕ್ಕಳಿಗೆ ಪುರಾಣವನ್ನು ಕಣ್ಣಾರೆ ತೋರಿಸಿತು. ಅದಕ್ಕೂ ಬಹು ಹಿಂದೆ, 1513ರಲ್ಲಿ, ಗುಬ್ಬಿಯ ಮಲ್ಲಣಾರ್ಯನು 'ಭಾವಚಿಂತಾರತ್ನ'ವನ್ನು ರಚಿಸಿದನು. ರಾಜಕುಮಾರನ ಕುದುರೆಯ ತುಳಿತಕ್ಕೆ ಬಡ ಹೆಂಗಸೊಬ್ಬಳ ಮಗು ಬಲಿಯಾದಾಗ ಸತ್ಯೇಂದ್ರಚೋಳನು ತನ್ನ ಮಗನಿಗೂ ಮರಣದಂಡನೆ ವಿಧಿಸುವ ಕಥೆ ಅದರಲ್ಲಿದೆ. ಇದು ಚೋಳರಾಜ್ಯದ ಚರಿತ್ರೆಯಲ್ಲ. ಆದರೆ ಅರಸನಾದವನು ಹೇಗಿರಬೇಕೆಂದು 16ನೆಯ ಶತಮಾನದ ಗುಬ್ಬಿಯ ಜನ ಬಯಸಿದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ?

ಬರಹದ ಚರಿತ್ರೆಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿಗಿಂತ ತಕ್ಕ ಸ್ಥಳವಿಲ್ಲ. ಕಲ್ಯಾಣದ ವಿಪ್ಲವದ ತರುವಾಯ ಚದರಿದ ವಚನಗಳು ಕೂಡಿಬಂದುದರಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಮತ್ತು ಅವರ ಶಿಷ್ಯಪರಂಪರೆಯ ಪಾತ್ರ ಹಿರಿದು. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಗುಮ್ಮಳಾಪುರದ ಸಿದ್ಧಲಿಂಗರೂ ಗೂಳೂರ ಸಿದ್ಧವೀರಣ್ಣೊಡೆಯರೂ ಆ ಪರಂಪರೆಯವರೇ. ಗೂಳೂರು ಕೈದಾಳದ ಮಗ್ಗುಲಲ್ಲಿಯೇ ಇದೆ. ಉರುಕ್ ನಗರದ ಹಲಗೆಗಳು ಕಣಜದ ಲೆಕ್ಕವನ್ನು ಉಳಿಸಿದರೆ, ಈ ಸೀಮೆಯ ತಾಳೆಗರಿಗಳು ದುಡಿಯುವವರ ಅನುಭಾವವನ್ನು ಉಳಿಸಿದುವು. ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ಮಾತುಗಳೂ ಸೇರಿವೆ. ಅರಸರ ಭಂಡಾರದ ನೆರವಿನಿಂದಲೇ ಬರಹ ಬಾಳುತ್ತದೆಂಬ ನಿಯಮಕ್ಕೆ ಇದೊಂದು ಅಪವಾದ. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರವರೆಗೆ ಈ ಕಥೆಯನ್ನು ಒಂದೇ ಎಳೆಯಾಗಿ ಹೇಳಬಹುದು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅವಶ್ಯಕ. ಶರಣರ ಮೇಲಣ ಪ್ರೀತಿ ಮಕ್ಕಳ ಮುಂದೆ ಅತಿಶಯೋಕ್ತಿಯಾಗಬಾರದು. ಅನುಭವಮಂಟಪವನ್ನು ಲೋಕದ ಮೊದಲ ಪಾರ್ಲಿಮೆಂಟೆಂದು ಹೇಳುವ ರೂಢಿ ಬಲವಾಗಿದೆ. ಹೋಲಿಕೆ ಅಭಿಮಾನದಿಂದ ಹುಟ್ಟಿದ್ದು. ಆದರೆ ಚುನಾಯಿತ ಪ್ರತಿನಿಧಿಗಳು, ತೆರಿಗೆ, ಕಾನೂನು ರಚನೆ ಇವು ಪಾರ್ಲಿಮೆಂಟಿನ ಲಕ್ಷಣಗಳು. ಮಂಟಪದ ಹಿರಿಮೆ ಇವುಗಳಲ್ಲಿಲ್ಲ. ಮಂತ್ರಿಯೂ ಮಡಿವಾಳನೂ ಸಮಾನರಾಗಿ ಕುಳಿತು ತಮ್ಮ ತಮ್ಮ ನಡೆ-ನುಡಿಗಳನ್ನು ಪರಸ್ಪರ ಒರೆಗೆ ಹಚ್ಚಿದರೆಂಬ ಪರಂಪರೆಯ ನೆನಪಿನಲ್ಲಿದೆ ಅದರ ಹಿರಿಮೆ. ಅನ್ಯರ ಅಳತೆಗ���ಲಿನಿಂದ ಅಳೆದರೆ ಅದು ಹಿರಿದಾಗುವುದಿಲ್ಲ, ಕಿರಿದಾಗುತ್ತದೆ. ಅದೇ ರೀತಿ ಪವಾಡಗಳನ್ನು ಘಟನೆಗಳೆಂದು ಕಲಿಸಿದರೆ, ನಾಳೆ ಅದನ್ನು ಸಂದೇಹಿಸುವ ವಯಸ್ಸಿಗೆ ಬಂದ ಮಗು ಪವಾಡದೊಡನೆ ತತ್ತ್ವವನ್ನೂ ಬಿಟ್ಟುಬಿಡುವ ಭಯವುಂಟು. ಹರಳಯ್ಯ-ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣ ತೆತ್ತ ಬೆಲೆಯನ್ನೂ, ತರುವಾಯದ ಶತಮಾನಗಳಲ್ಲಿ ಜಾತಿಯ ಗಂಟುಗಳು ಮತ್ತೆ ಬಿಗಿದುದನ್ನೂ ಮರೆಮಾಡಕೂಡದು. ಸೋಲನ್ನು ಹೇಳದ ಚರಿತ್ರೆಯನ್ನು ಮಕ್ಕಳು ನಂಬುವುದಿಲ್ಲ. ನಂಬಿದರೂ ಅದರಿಂದ ಬಲವನ್ನು ಪಡೆಯುವುದಿಲ್ಲ.

ಕನ್ನಡದಲ್ಲಿ ಮಕ್ಕಳಿಗೆ ಬೇಕಾಗಿರುವುದು ಇನ್ನೊಂದು ವಿಶ್ವಕೋಶವಲ್ಲ. ಇಸಾಂಪುರದ ಕಲ್ಲಿನಿಂದ ಹೊರಟು, ಬೇಸಾಯ, ಕಣಜ, ಅರಸು, ಬರಹಗಳನ್ನು ದಾಟಿ, ಮಿಕ್ಕುದು ಯಾರದೆಂಬ ಪ್ರಶ್ನೆಯನ್ನು ಕೈಬಿಡದೆ ಲಕ್ಕಮ್ಮನ ಮೊರದವರೆಗೆ ಬರುವ ನೂರು ಪುಟಗಳ ಒಂದು ಪುಸ್ತಕ ಸಾಕು. ಅದರಲ್ಲಿ ಈಜಿಪ್ಟೂ ಇರಲಿ, ಕುಣಿಗಲ್ಲೂ ಇರಲಿ. ಅರಸರೂ ಇರಲಿ, ಅವರಿಗೆ ಅನ್ನವನ್ನು ಬೆಳೆದುಕೊಟ್ಟವರ ಹೆಸರಿನ ಪಕ್ಕದಲ್ಲಿ ಇರಲಿ. ಅದನ್ನು ಬರೆಯುವವರು ಪಂಡಿತರೇ ಆಗಬೇಕೆಂದಿಲ್ಲ. ಮಕ್ಕಳೊಡನೆ ಬಾಳಿದ, ಸುಳ್ಳು ಹೇಳಲು ಹಿಂಜರಿಯುವ ಉಪಾಧ್ಯಾಯರಾದರೆ ಸಾಕು.

ಸುಗ್ಗಿಯಾದ ಮೇಲೆ ಸುತ್ತಣ ಹಳ್ಳಿಗಳ ರೈತರು ತಾವು ಬೆಳೆದ ರಾಗಿಯಲ್ಲಿ ಒಂದು ಪಾಲನ್ನು ಸಿದ್ಧಗಂಗೆಯ ದಾಸೋಹಕ್ಕೆ ಸಲ್ಲಿಸುವ ರೂಢಿಯುಂಟು. ಆ ರಾಗಿಯ ಮುದ್ದೆಯನ್ನು ಉಣ್ಣುವ ಮಗು, ನಾಗರಿಕತೆಯ ಅತ್ಯಂತ ಹಳೆಯ ಪ್ರಶ್ನೆಗೆ ಈ ನಾಡು ಕೊಟ್ಟ ಉತ್ತರವನ್ನೇ ಉಣ್ಣುತ್ತಿದೆ. ಆ ಉತ್ತರವನ್ನು ಮಗುವಿಗೆ ತಿಳಿಸಿಕೊಡುವ ಹೊಣೆ ಮಾತ್ರ ಹಿರಿಯರದು.